ಬೋಡಗುಟ್ಟದ ಗವಿಯೊಳಗಿನ ದನಿ

ಗವಿಯ ಬಾಯಿಗೆ ಕಟ್ಟಿದ್ದ ಗೋಡೆಯ ಬುಡದಲ್ಲಿ ಒಂದು ಕಿಂಡಿ ಇತ್ತು. ಆ ಕಿಂಡಿಯಿಂದ ಹಾಲಿನ ಚೊಂಬನ್ನು ದಾರ ಹಿಡಿದು ಹೊರಗೆಳೆದಾಗ, ಒಳಗೆ ಇಟ್ಟಾಗ ಎಷ್ಟು ತುಂಬಿತ್ತೋ ಅಷ್ಟೇ ತುಂಬಿತ್ತು. ಹಿಂದಿನ ದಿನ ಬೆಳಿಗ್ಗೆಯೂ ಹೀಗೇ ಆಗಿತ್ತಂತೆ. ಹಾಲಿನ ಮೇಲೆ ದಪ್ಪಗೆ ಕೆನೆ ಕಟ್ಟಿ, ಅದರ ಮೇಲೆ ಇರುವೆಗಳು ಹರಿದಾಡುತ್ತಿದ್ದವು.

"ತಾತ ಹಾಲೂ ಬಿಟ್ಬಿಟ್ರು!" ದೊಡ್ಡಮುನಿಯಪ್ಪ ಚೊಂಬನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು ಕೂಗಿದ. "ಇನ್ನೇನ್ರಪ್ಪಾ ಬೇಕು! ಬರೀ ಗಾಳಿ ಮೇಲೆ ಕೂತವ್ರೆ!"

ಬಂಡೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಜನ ದಡಬಡ ಎದ್ದು ಕೈ ಮುಗಿದರು. ಒಬ್ಬಾಕೆ ಗೋಡೆಗೆ ಹಣೆ ಹಚ್ಚಿ ಅತ್ತಳು. ಮುಳಬಾಗಿಲಿನಿಂದ, ಗಡಿಯಾಚೆಯ ಪಲಮನೇರಿನಿಂದ ಬಂದವರೆಲ್ಲ ಚೊಂಬನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ನೂಕಾಡಿದರು. ಮಾಘದ ಮಂಜು ಇನ್ನೂ ಬೆಟ್ಟದಿಂದ ಇಳಿದಿರಲಿಲ್ಲ.

ಗಂಗಾಲಕ್ಷ್ಮಿ ಆಗಷ್ಟೇ ಬೆಟ್ಟ ಹತ್ತಿ ಬಂದಿದ್ದಳು. ಮಾಲೂರಿನಲ್ಲಿ ಅವಳದೊಂದು ಸಣ್ಣ ಸ್ಟುಡಿಯೋ. ಮದುವೆ, ನಾಮಕರಣ, ಇಟ್ಟಿಗೆ ಫ್ಯಾಕ್ಟರಿಯವರ ಜಾಹೀರಾತು, ಇವೇ ಅವಳ ಹೊಟ್ಟೆಪಾಡು. ಉಳಿದ ಹೊತ್ತಿನಲ್ಲಿ ಕ್ಯಾಮೆರಾ ಹಿಡಿಯುವ ಕದಿರೇಶನನ್ನು ಕರೆದುಕೊಂಡು ಜಿಲ್ಲೆಯ ಗವಿ ಗುಡಿಗಳನ್ನು, ಅಲ್ಲಿ ಕೂತ ಸಾಧುಗಳನ್ನು ಚಿತ್ರೀಕರಿಸುತ್ತಿದ್ದಳು. ಕುರುಡುಮಲೆ, ಆವಣಿ, ಅಂತರಗಂಗೆ ಎಲ್ಲ ಮುಗಿಸಿ ಈಗ ಬೋಡಗುಟ್ಟಕ್ಕೆ ಬಂದಿದ್ದಳು. ಶ್ರೀನಿವಾಸಪುರದ ತವರಿನಲ್ಲಿ ಅವಳ ಅಜ್ಜಿ ದಿನಾ ಬೆಳಿಗ್ಗೆ ಈ ಗುಡ್ಡದ ದಿಕ್ಕಿಗೆ ಕೈ ಮುಗಿಯುತ್ತಿದ್ದರು. ಅಷ್ಟು ಕಾರಣ ಅವಳಿಗೆ ಸಾಕಾಗಿತ್ತು.

ಗವಿಯೊಳಗೆ ಕೂತಿದ್ದವರು ಆವಲಪ್ಪ ತಾತ. ಮೂವತ್ತು ವರ್ಷದ ಹಿಂದೆ ಮನೆ ಬಿಟ್ಟು ಬೆಟ್ಟ ಹತ್ತಿದವರು. ವರ್ಷಕ್ಕೊಮ್ಮೆ ಗವಿಯ ಬಾಯಿಗೆ ಚಪ್ಪಡಿ ಇಡಿಸಿ, ಮಣ್ಣು ಮೆತ್ತಿಸಿ, ಒಳಗೆ ಒಬ್ಬರೇ ಜಪಕ್ಕೆ ಕೂರುತ್ತಿದ್ದರು. ಮಾಘ ಹುಣ್ಣಿಮೆಯ ಬೆಳಿಗ್ಗೆ ಬಾಗಿಲು ಒಡೆಯುವುದು ವಾಡಿಕೆ. ಅದಕ್ಕಿನ್ನೂ ಮೂರು ದಿನವಿತ್ತು. ಗವಿಯನ್ನು ನೋಡಿಕೊಳ್ಳುವ ಸೇವಾ ಸಮಿತಿಗೆ ದೊಡ್ಡಮುನಿಯಪ್ಪನೇ ಯಜಮಾನ.

ಒಳಗಿನ ಚಿತ್ರ ತೆಗೆಯಲು ತಾತ ಒಪ್ಪಿರಲಿಲ್ಲ. "ರೂಪ ಬೇಡಮ್ಮ, ದನಿ ಬೇಕಾದ್ರೆ ತಗೋ" ಎಂದಿದ್ದರು. ಹಾಗಾಗಿ ಗಂಗಾಲಕ್ಷ್ಮಿ ಬಂಡೆಯ ಸಂದಿಯಿಂದ ಒಂದು ಮೈಕ್ ಇಳಿಬಿಟ್ಟು, ಅದರ ವೈರನ್ನು ಹೊರಗಿನ ಟಾರ್ಪಾಲಿನ ಗುಡಿಸಲಿಗೆ ಎಳೆದಿದ್ದಳು. ಅಲ್ಲಿ ಹಳೇ ಕಾರಿನ ಬ್ಯಾಟರಿಗೆ ಸಿಕ್ಕಿಸಿದ ರೆಕಾರ್ಡರ್ ಹಗಲೂ ರಾತ್ರಿ ತನ್ನಷ್ಟಕ್ಕೆ ಓಡುತ್ತಿತ್ತು. ಒಳಗೆ ಹೋಗುವ ಮೊದಲು ತಾತ ಕ್ಯಾಮೆರಾದ ಎದುರಿಗೇ, ಅವಳಿಂದ, ದೊಡ್ಡಮುನಿಯಪ್ಪನಿಂದ, ಸುತ್ತ ನಿಂತ ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದರು.

"ನಾನು ಬಾಗಿಲು ಹಾಕ್ಕೊಂಡ ಮೇಲೆ ಈ ಕಟ್ಟೆ ಏನೇನೋ ಕೂಗುತ್ತೆ" ಎಂದು ತಮ್ಮ ಎದೆ ತಟ್ಟಿ ತೋರಿಸಿದ್ದರು. ದೇಹವನ್ನು ಅವರು ಕಟ್ಟೆ ಎನ್ನುತ್ತಿದ್ದರು. "ಹಸಿವು ಅನ್ನುತ್ತೆ, ಭಯ ಅನ್ನುತ್ತೆ. ಅದ್ರ ಮಾತು ಕೇಳಿ ಯಾರೂ ಬಾಗಿಲು ಮುಟ್ಟಕೂಡದು. ಹುಣ್ಣಿಮೇಗೆ ಮುಂಚೆ ತೆಗೆದ್ರೆ ನನ್ನ ಇಷ್ಟು ವರ್ಷದ ಬದುಕು ಮಣ್ಣಾಯ್ತು ಅಂತ ತಿಳ್ಕೊಳ್ಳಿ."

"ಇಲ್ಲ ತಾತ, ಮುಟ್ಟಲ್ಲ" ಎಂದು ಗಂಗಾಲಕ್ಷ್ಮಿಯೂ ಹೇಳಿದ್ದಳು.

ಕಳೆದ ಎರಡು ದಿನ ಅವಳೂ ಕದಿರೇಶನೂ ಒಪ್ಪಿಕೊಂಡಿದ್ದ ಒಂದು ಮದುವೆಗೆಂದು ಮಾಲೂರಿಗೆ ಹೋಗಿದ್ದರು. ಈಗ ವಾಪಸು ಬಂದವಳು ಜನರ ಸಂಭ್ರಮವನ್ನು ಕದಿರೇಶನ ಕ್ಯಾಮೆರಾಕ್ಕೆ ಬಿಟ್ಟು, ಗುಡಿಸಲಿಗೆ ನುಗ್ಗಿ ಹೆಡ್‌ಫೋನ್ ಹಾಕಿಕೊಂಡಳು.

ತಾತನ ಜಪ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಉಸಿರು ಎಳೆದು, ನಿಲ್ಲಿಸಿ, ಬಾವಿಯಿಂದ ನೀರು ಸೇದಿದ ಹಾಗೆ ಒಂದೇ ಲಯದಲ್ಲಿ ಹೇಳುತ್ತಿದ್ದರು. ಈಗ ಕಿವಿಗೆ ಬಿದ್ದದ್ದು ಅದಲ್ಲ. ಗೊರಗೊರ ಉಸಿರು. ನಡುವೆ ಹಲ್ಲು ಕಚ್ಚಿ ತಡೆದ ನರಳಾಟ. ಮತ್ತೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮನೆಯ ತೆಲುಗಿನಲ್ಲಿ ಒಂದೇ ಒಂದು ಮಾತು:

"ನೀಳ್ಳು..."

ನೀರು ಕೇಳುತ್ತಿದ್ದರು.

ಅವಳು ಹಿಂದಿನ ದಿನಗಳ ಧ್ವನಿಯನ್ನು ತಿರುಗಿಸಿ ತಿರುಗಿಸಿ ಕೇಳಿದಳು. ಮೊನ್ನೆ ಮುಸ್ಸಂಜೆಯವರೆಗೆ ಜಪ ಸರಿಯಾಗಿತ್ತು. ಆಮೇಲೆ ಕಾಲೆಳೆದು ನಡೆಯುವ ಸದ್ದು. ಹಾಲು ಕುಡಿಯಲು ಕಿಂಡಿಯ ಕಡೆಗೆ ಬರುತ್ತಿದ್ದಿರಬೇಕು. ಒಮ್ಮೆಲೇ ಏನೋ ದೊಪ್ಪೆಂದು ಬಿತ್ತು. ಮಡಕೆಯೊಂದು ಉರುಳಿ ಒಡೆಯಿತು. ಆ ಮೇಲೆ ಬಂದ ಕೂಗಿಗೆ ಅವಳು ಹೆಡ್‌ಫೋನನ್ನು ಕಿವಿಯಿಂದ ಕಿತ್ತೇಬಿಟ್ಟಳು.

ಚಪ್ಪಡಿಯೂ ಮಣ್ಣೂ ದಪ್ಪವಾಗಿದ್ದವು, ಹಾಲು ಇಡುವ ತೆಗೆಯುವ ಹೊತ್ತು ಬಿಟ್ಟರೆ ಕಿಂಡಿಗೂ ಕಲ್ಲು ಮುಚ್ಚಿರುತ್ತಿತ್ತು. ಮೇಲಾಗಿ ಹೊರಗೆ ಹಗಲೆಲ್ಲ, ರಾತ್ರಿ ಬಹಳ ಹೊತ್ತಿನವರೆಗೂ ಭಜನೆ. ಒಬ್ಬರಿಗೂ ಕೇಳಿರಲಿಲ್ಲ. ತಾತ ಹಾಲು ಬಿಟ್ಟಿರಲಿಲ್ಲ. ಬಿದ್ದ ಜಾಗದಿಂದ ಚೊಂಬಿನವರೆಗೆ ಬರಲು ಅವರಿಗೆ ಆಗಿರಲಿಲ್ಲ.

ಕದಿರೇಶನನ್ನು ಒಳಗೆ ಕರೆದು ಕೇಳಿಸಿದಳು. ಅವನು ಕೆ.ಜಿ.ಎಫ್. ಕಡೆಯವನು, ಯಾವುದಕ್ಕೂ ಬೇಗ ಬೆದರುವವನಲ್ಲ. ಈಗ ಮುಖ ಸಪ್ಪಗಾಯಿತು.

"ಅಕ್ಕಾ, ಸೊಂಟಾನೋ ತೊಡೇನೋ ಮುರ್ದಿದೆ. ನಮ್ಮಜ್ಜ ಬಿದ್ದಾಗ ಹಿಂಗೇ ನರಳ್ತಿದ್ದ."

"ಒಡೆಸ್ಬೇಕು ಕಣೋ."

"ಯಾರ ಕೈಲಿ? ಇಷ್ಟು ಜನದ ಮುಂದೆ ನೀನೂ ನಾನೂ ಹೋಗಿ ಮಣ್ಣು ಕೆರೆದ್ರೆ ಸುಮ್ನೆ ಬಿಡ್ತಾರಾ? ಪೊಲೀಸ್ನೋರಿಗೆ ಹೇಳಾಣ ಅಂದ್ರೆ ಇಲ್ಲಿ ಸಿಗ್ನಲ್ ಇಲ್ಲ. ಅವರು ಬಂದು, ಜನ ಎದ್ದು, ಗಲಾಟೆ ಆಗಿ... ಮೊದ್ಲು ಯಜಮಾನ್ರಿಗೆ ಹೇಳು."

ದೊಡ್ಡಮುನಿಯಪ್ಪ ಪ್ರಸಾದ ಹಂಚುತ್ತಿದ್ದ. ಅವಳು ಪಕ್ಕಕ್ಕೆ ಕರೆದು ವಿಷಯ ಹೇಳಿದಾಗ ಮೊದಲು ನಕ್ಕ, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಗುಡಿಸಲಿಗೆ ಬಂದು ಟವೆಲ್ಲಿನಿಂದ ಕೈ ಒರೆಸಿಕೊಂಡು ಹೆಡ್‌ಫೋನ್ ಹಾಕಿಕೊಂಡ. ಗಂಗಾಲಕ್ಷ್ಮಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಕಣ್ಣು ತುಂಬಿ ಬಂತು.

"ಕೇಳಿಸ್ತಾ ಅಣ್ಣಾ?"

"ಕೇಳಿಸ್ತು."

"ಹಾಗಾದ್ರೆ ಬಾಗಿಲು ತೆಗೆಸಿ. ಹೊತ್ತು ಮೀರ್ತಿದೆ."

ಅವನು ಹೆಡ್‌ಫೋನನ್ನು ಮೆಲ್ಲಗೆ ತೆಗೆದು ಚಾಪೆಯ ಮೇಲಿಟ್ಟ. "ಅವರೇ ಹೇಳಿದ್ರಲ್ಲಮ್ಮಾ. ಕಟ್ಟೆ ಕೂಗುತ್ತೆ, ಕೇಳ್ಬೇಡಿ ಅಂತ. ನಿನ್ನ ಮುಂದೇನೇ ಹೇಳಿದ್ರು. ನೀನೂ ಹೂಂ ಅಂದೆ, ನಾನೂ ಹೂಂ ಅಂದೆ."

"ಬಿದ್ದು ಮೂಳೆ ಮುರ್ಕೋತೀನಿ ಅಂತ ಅವರಿಗೇನು ಗೊತ್ತಿತ್ತು ಅಣ್ಣಾ?"

"ಗೊತ್ತಿತ್ತೋ ಏನೋ. ಅವರಿಗೆ ಗೊತ್ತಿಲ್ದೇ ಇರೋದು ಯಾವ್ದು?" ಅವನು ಗವಿಯ ಕಡೆ ಕೈ ತೋರಿಸಿದ. "ನಾನು ಕುಡಿದು ಕುಡಿದು ಸಾಯೋ ಹಂಗಿದ್ದೆ. ನನ್ನ ಕರ್ಕೊಂಡು ಹೋಗಿ ಮನುಷ್ಯ ಮಾಡಿದ್ದು ಅವರು. ಅವರು ಈ ಜನ್ಮದಲ್ಲಿ ನನ್ನ ಕೇಳಿದ್ದು ಇದೊಂದೇ. ನಾನು ಅದನ್ನೂ ಮುರೀಬೇಕಾ?"

"ಸತ್ತೋಗ್ತಾರೆ ಅಣ್ಣಾ."

"ಸತ್ರೆ ಅವರು ಅಂದ್ಕೊಂಡ ಹಾಗೇ ಹೋಗ್ತಾರೆ."

ಅಷ್ಟು ಹೇಳಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಸಮಿತಿಯ ನಾಲ್ಕೈದು ಹುಡುಗರು ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಅವರಲ್ಲಿ ಜೀಪು ಓಡಿಸುವ ನರೇಶ ಅವಳ ಕಡೆ ನೋಡದೆ ನೆಲ ನೋಡುತ್ತಿದ್ದ. ದೊಡ್ಡಮುನಿಯಪ್ಪ ದೂರದಿಂದಲೇ ಹೇಳಿದ: "ಅಮ್ಮಾ, ಆ ಮಿಷನ್ ಆಫ್ ಮಾಡು. ಕೇಳಿದ್ದು ಸಾಕು. ಜನಕ್ಕೇನಾದ್ರೂ ಹೇಳೋಕೆ ಹೋದ್ಯೋ, ಇಲ್ಲಿಂದ ಎಬ್ಬಿಸ್ತೀನಿ."

ಅವನು ಕೇಡಿಗನಾಗಿದ್ದರೆ ಗಂಗಾಲಕ್ಷ್ಮಿ ಬೈದು ಜಗಳಕ್ಕೆ ನಿಲ್ಲಬಹುದಿತ್ತು. ಅವನ ಮಾತಿನಲ್ಲಿ ಒಂದು ನ್ಯಾಯವೂ ಇತ್ತು, ಅದೇ ಅವಳನ್ನು ಹೆಚ್ಚು ಹೆದರಿಸಿತು. ಇಷ್ಟು ವರ್ಷ ಸಾಧುಗಳ ಎದುರು ಕ್ಯಾಮೆರಾ ಇಟ್ಟವಳು ಅವಳು. ಮುಳ್ಳಿನ ಮೇಲೆ ಮಲಗಿದವರನ್ನೂ ಒಂಟಿ ಕಾಲಲ್ಲಿ ನಿಂತವರನ್ನೂ ನೋಡಿದ್ದಳು. ಅವರ ನೋವು ಅವರದು, ನಡುವೆ ಹೋಗಲು ನಾನು ಯಾರು ಎಂದೇ ನಡೆದುಕೊಂಡಿದ್ದಳು. ಇವತ್ತು ಸುಮ್ಮನಿದ್ದರೂ ಯಾರೂ ಅವಳನ್ನು ತಪ್ಪು ಎನ್ನುತ್ತಿರಲಿಲ್ಲ. ಹುಣ್ಣಿಮೆಯ ದಿನ ಬಾಗಿಲು ತೆಗೆದಾಗ ಒಳಗೆ ಹೆಣವಿದ್ದರೆ ಅದನ್ನೂ ಸಮಾಧಿ ಎಂದೇ ಕರೆಯುತ್ತಾರೆ, ಹೂವು ಹಾಕುತ್ತಾರೆ. ಅವಳ ಚಿತ್ರಕ್ಕೆ ಅದಕ್ಕಿಂತ ದೊಡ್ಡ ಕೊನೆ ಸಿಗಲಾರದು. ಆ ಯೋಚನೆ ತನ್ನ ತಲೆಗೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ರೆಕಾರ್ಡರ್ ಆಫ್ ಮಾಡುವ ಮುನ್ನ ಕೊನೆಯ ಸಲ ಹೆಡ್‌ಫೋನ್ ಕಿವಿಗಿಟ್ಟುಕೊಂಡಳು. ದನಿ ಇನ್ನೂ ಸಣ್ಣಗಾಗಿತ್ತು. ಆದರೆ ಈಗ ನೀರಿನ ಜೊತೆ ಇನ್ನೊಂದು ಮಾತೂ ಇತ್ತು. ಒಂದು ಹೆಸರು. ಮತ್ತೆ ಮತ್ತೆ, ಜಪದ ಹಳೆಯ ಲಯದಲ್ಲೇ.

"ಮುತ್ಯಾಲೂ... ಮುತ್ಯಾಲೂ..."

ಆ ಹೆಸರಿನವಳು ಯಾರೆಂದು ಅವಳಿಗೆ ಗೊತ್ತಿತ್ತು. ಬೆಟ್ಟದ ಬುಡದ ಬೋಡಪಲ್ಲಿಯಲ್ಲಿ ಮುತ್ಯಾಲಮ್ಮ ಎರಡು ಸೀಮೆಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ ಬದುಕುತ್ತಿದ್ದಳು. ತಾತನ ಹೆಂಡತಿ. ಅವರು ಬೆಟ್ಟ ಹತ್ತಿದ ದಿನದಿಂದ ಒಂದು ಸಲವೂ ಅವಳು ಮೇಲೆ ಬಂದಿರಲಿಲ್ಲ. ಚಿತ್ರೀಕರಣದ ಮೊದಲ ವಾರ ಗಂಗಾಲಕ್ಷ್ಮಿ ಮಾತಾಡಿಸಲು ಹೋದಾಗ, "ನಾನು ಹೇಳೋದೇನೂ ಇಲ್ಲ ಅಮ್ಮಣ್ಣಿ. ಅವರು ಹೋದ್ರು, ನಾನಿದ್ದೀನಿ. ಇಷ್ಟೇ ಕತೆ" ಎಂದು ಬಾಗಿಲಿಂದಲೇ ಕಳಿಸಿದ್ದಳು.

ಗಂಗಾಲಕ್ಷ್ಮಿ ಆ ದನಿಯನ್ನು ಫೋನಿಗೆ ಹಾಕಿಕೊಂಡಳು. "ನೀನು ಇಲ್ಲೇ ಇರು, ಕ್ಯಾಮೆರಾ ಬಿಟ್ಟು ಅಲ್ಲಾಡ್ಬೇಡ" ಎಂದು ಕದಿರೇಶನಿಗೆ ಹೇಳಿ, ಹೆಡ್‌ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೆಟ್ಟ ಇಳಿದಳು. ಅರ್ಧ ದಾರಿಯಲ್ಲಿ ಫೋನಿಗೆ ಒಂದು ಗೆರೆ ಸಿಗ್ನಲ್ ಬಂತು. ನಿಂತು ನೂರಾ ಎಂಟಕ್ಕೆ ಫೋನ್ ಮಾಡಿ, ಬೋಡಪಲ್ಲಿ ಕ್ರಾಸಿಗೆ ಆಂಬುಲೆನ್ಸ್ ಬೇಕು ಎಂದಳು. ಪೇಷಂಟ್ ಎಲ್ಲಿದ್ದಾರೆ ಎಂದು ಅವರು ಕೇಳಿದರು. ಬೆಟ್ಟದ ಮೇಲಿದ್ದಾರೆ, ಇಳಿಸ್ತಿದ್ದೀವಿ ಎಂದಳು. ಆ ಸುಳ್ಳು ನಿಜವಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು ಮತ್ತೆ ಓಡಿದಳು.

ಮುತ್ಯಾಲಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಗಂಗಾಲಕ್ಷ್ಮಿ ಏದುಸಿರು ಬಿಡುತ್ತಾ ಒಂದೂ ಮಾತಾಡಲಾರದೆ ಹೆಡ್‌ಫೋನ್ ಚಾಚಿದಳು.

"ಏನಮ್ಮಣ್ಣಿ ಇದು?"

"ಕೇಳಿ ಅಮ್ಮಾ. ಒಂದು ಸಲ ಕೇಳಿ."

ಕೈಗೆ ಸಗಣಿ ಮೆತ್ತಿದ್ದರಿಂದ ಮುತ್ಯಾಲಮ್ಮ ತಲೆ ಬಗ್ಗಿಸಿದಳು. ಗಂಗಾಲಕ್ಷ್ಮಿಯೇ ಅವಳ ಕಿವಿಗೆ ಹಾಕಿದಳು. ಹಸು ಬಾಲ ಬೀಸುತ್ತಿತ್ತು. ಕೇಳಿ ಮುಗಿದ ಮೇಲೆ ಮುತ್ಯಾಲಮ್ಮ, "ಇದು ಯಾವಾಗ್ಲಿಂದು?" ಎಂದಳು.

"ಈಗಿಂದು. ಮೊನ್ನೆ ಸಂಜೆ ಬಿದ್ದಿದ್ದಾರೆ. ಕಾಲು ಮುರ್ದಿರ್ಬೇಕು. ಬಾಗಿಲು ತೆಗೆಯೋಕೆ ಯಾರೂ ಒಪ್ತಿಲ್ಲ. ಹುಣ್ಣಿಮೆವರೆಗೂ ತೆಗೆಯಲ್ಲ ಅಂತ ಎಲ್ಲರೂ ಮಾತು ಕೊಟ್ಟಿದ್ದಾರೆ. ನಾನೂ ಕೊಟ್ಟಿದ್ದೀನಿ."

ಮುತ್ಯಾಲಮ್ಮ ಬಾನಿಯ ನೀರಿನಲ್ಲಿ ಕೈ ತೊಳೆದಳು. ಮೊಳಕೈವರೆಗೂ ತಿಕ್ಕಿ ತಿಕ್ಕಿ ತೊಳೆದಳು. ಗಂಗಾಲಕ್ಷ್ಮಿಗೆ ಆ ಹೊತ್ತು ಮುಗಿಯುವುದೇ ಇಲ್ಲವೆನಿಸಿತು.

"ನನ್ನ ಹತ್ರ ಮಾತು ತಗೊಂಡಿಲ್ವಲ್ಲ" ಎಂದಳು ಕೊನೆಗೆ. "ಹೋಗೋವಾಗ್ಲೂ ಹೇಳ್ಲಿಲ್ಲ, ಕೇಳ್ಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಇರ್ಲಿಲ್ಲ. ನಾನು ಯಾರಿಗೂ ಏನೂ ಮಾತು ಕೊಟ್ಟಿಲ್ಲ."

ಗೋಡೆಗೆ ಒರಗಿಸಿದ್ದ ಹಾರೆಯನ್ನು ತೆಗೆದುಕೊಂಡಳು. ಒಂದು ಬಾಟಲಿಗೆ ನೀರು ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಕ್ಕದ ಮನೆಯವಳಿಗೆ, "ಚಂದ್ರಕಲಾ, ಹಸೂಗೆ ಹುಲ್ಲು ಹಾಕೇ" ಎಂದು ಕೂಗಿ ಹೇಳಿ ಹೊರಟಳು.

ಬೆಟ್ಟ ಹತ್ತುವುದು ಅವಳಿಗೆ ಸುಲಭವಿರಲಿಲ್ಲ. ಮಂಡಿ ಹಿಡಿದುಕೊಂಡು ನಿಲ್ಲುವಳು, ಹಾರೆ ಊರಿ ಮತ್ತೆ ಹತ್ತುವಳು. ಗಂಗಾಲಕ್ಷ್ಮಿ ಹಾರೆ ಕೇಳಿದರೂ ಕೊಡಲಿಲ್ಲ. ಬಿಸಿಲು ಏರಿ ಬಂಡೆ ಕಾಯತೊಡಗಿತ್ತು. ಮೇಲಿನಿಂದ ಭಜನೆ ಕೇಳಿ ಬರುತ್ತಿತ್ತು. ಪ್ರತಿ ತಿರುವಿನಲ್ಲೂ ಗಂಗಾಲಕ್ಷ್ಮಿಗೆ ಒಂದೇ ಭಯ: ನಾವು ತಲುಪುವ ಹೊತ್ತಿಗೆ ಒಳಗಿನ ದನಿ ನಿಂತೇಹೋಗಿದ್ದರೆ?

ಅವರು ಮೇಲೆ ಬಂದಾಗ ಮೊದಲು ನೋಡಿದವರು ಊರಿನ ಹೆಂಗಸರು. ಭಜನೆಯ ತಾಳ ತಪ್ಪಿತು. ಒಬ್ಬೊಬ್ಬರೇ ಸುಮ್ಮನಾದರು. ಮುತ್ಯಾಲಮ್ಮ ಹಾರೆ ಹಿಡಿದು ನೇರ ಗೋಡೆಯ ಕಡೆ ನಡೆದಳು. ಜನ ದಾರಿ ಬಿಟ್ಟರು. ಗೋಡೆಯ ಮುಂದೆ ದೊಡ್ಡಮುನಿಯಪ್ಪ ನಿಂತಿದ್ದ.

"ಅಮ್ಮಾ, ನೀವು ಇಲ್ಲಿಗೆ ಬರಬಾರ್ದಿತ್ತು."

"ಜರುಗು ಮುನಿಯಾ."

"ಅವರ ವ್ರತ..."

"ಅವರ ವ್ರತ ಅವರಿಗೆ. ಜರುಗು. ಮನೆ ಬಿಟ್ಟು ಹೋಗೋವಾಗ ನಾನು ಅಡ್ಡ ನಿಂತಿದ್ನಾ? ಇಲ್ಲ ತಾನೇ? ಇವತ್ತು ನೀನು ಅಡ್ಡ ನಿಲ್ಬೇಡ."

ಗುಂಪಿನ ಹಿಂದಿನಿಂದ ಯಾರೋ ಕೂಗಿದರು: "ಏಯ್, ಎಳೀರೋ ಆ ಮುದುಕೀನ! ಪಾಪ ಸುತ್ಕೊಳುತ್ತೆ!" ಇಬ್ಬರು ಹುಡುಗರು ಮುಂದೆ ಬಂದರು. ಗಂಗಾಲಕ್ಷ್ಮಿ ಅವರಿಗೂ ಮುತ್ಯಾಲಮ್ಮನಿಗೂ ನಡುವೆ ನುಗ್ಗಿ ನಿಂತಳು.

"ಕದಿರೇಶಾ, ನಡೀತಿದ್ಯಾ?"

"ನಡೀತಿದೆ ಅಕ್ಕಾ. ಎಲ್ಲರ ಮುಖಾನೂ ಬರ್ತಿದೆ" ಎಂದು ಕದಿರೇಶ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ.

ಹುಡುಗರು ಕ್ಯಾಮೆರಾದ ಕಡೆ ನೋಡಿ ಅಲ್ಲೇ ನಿಂತರು. ಎಲ್ಲರ ಕಣ್ಣೆದುರಿಗೆ, ಅದೂ ಕ್ಯಾಮೆರಾದ ಮುಂದೆ, ತಾತನ ಹೆಂಡತಿಯ ಮೇಲೆ ಕೈ ಮಾಡಲು ಯಾರಿಗೂ ಧೈರ್ಯ ಬರಲಿಲ್ಲ. ಆ ನಿಂತ ಗಳಿಗೆಯಲ್ಲೇ ಮುತ್ಯಾಲಮ್ಮ ಹಾರೆ ಎತ್ತಿ, ದೊಡ್ಡಮುನಿಯಪ್ಪನ ಪಕ್ಕಕ್ಕೇ, ಚಪ್ಪಡಿಗಳ ಸಂದಿಗೆ ಹೊಡೆದಳು. ಒಣಗಿದ ಮಣ್ಣು ಹೆಂಟೆ ಹೆಂಟೆಯಾಗಿ ಉದುರಿತು. ಮತ್ತೊಂದು ಏಟು. ಮತ್ತೊಂದು. ಗಂಗಾಲಕ್ಷ್ಮಿ ಬರಿಗೈಯಿಂದ ಮಣ್ಣು ಎಳೆದು ಹಾಕತೊಡಗಿದಳು. ಕೊಟ್ಟ ಮಾತು ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಕೈ ಮಾತ್ರ ನಿಲ್ಲಲಿಲ್ಲ.

ಅಂಗೈಯಗಲದ ತೂತು ಬಿತ್ತು. ಒಳಗಿನಿಂದ ಮುಗ್ಗಲು ವಾಸನೆ, ಎಣ್ಣೆಯ ಕಮಟು, ಉಚ್ಚೆಯ ನಾತ ಹೊರಗೆ ನುಗ್ಗಿತು. ಮುತ್ಯಾಲಮ್ಮ ಹಾರೆ ಬಿಟ್ಟು ಆ ತೂತಿಗೆ ಬಾಯಿಟ್ಟಳು.

"ಏನಯ್ಯಾ! ನಾನು, ಮುತ್ಯಾಲು! ಬಂದಿದ್ದೀನಿ!"

ಒಳಗಿನಿಂದ ದನಿ ಬಂತು. ಕಿವಿಗೆ ಏನನ್ನೂ ಹಾಕಿಕೊಳ್ಳದೆ ಎಲ್ಲರಿಗೂ ಕೇಳಿತು. ಮಗು ಅತ್ತ ಹಾಗಿತ್ತು.

"ಮುತ್ಯಾಲೂ... ನೀಳ್ಳು..."

ದೊಡ್ಡಮುನಿಯಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹೆಡ್‌ಫೋನಿನಲ್ಲಿ ಒಬ್ಬನೇ ಕೇಳಿ ತಡೆದುಕೊಂಡವನಿಗೆ ಈಗ ಎಲ್ಲರ ನಡುವೆ ನಿಂತು ತಡೆದುಕೊಳ್ಳಲಾಗಲಿಲ್ಲ. ಹೆಗಲ ಟವೆಲ್ ಕೆಳಗೆ ಹಾಕಿ ಚಪ್ಪಡಿಯ ಅಂಚಿಗೆ ಬೆರಳು ತೂರಿಸಿದ. "ಹಿಡೀರ್ಲಾ!" ಎಂದು ಹುಡುಗರ ಮೇಲೆ ಕಿರುಚಿದ. "ನಿಂತ್ಕೊಂಡು ಏನ್ ನೋಡ್ತೀರಾ, ಹಿಡೀರ್ಲಾ!"

ಚಪ್ಪಡಿ ಸರಿಯಿತು. ಮುತ್ಯಾಲಮ್ಮ ಮೊದಲು ಒಳಗೆ ಹೋದಳು. ಗಂಗಾಲಕ್ಷ್ಮಿ ಹಿಂದೆ ಇಣುಕಿದಳು. ತಾತ ಒಡೆದ ಮಡಕೆಯ ಚೂರುಗಳ ನಡುವೆ ಒಂದು ಪಕ್ಕಕ್ಕೆ ಬಿದ್ದಿದ್ದರು. ಒಂದು ಕಾಲು ವಿಕಾರವಾಗಿ ಹೊರಳಿತ್ತು. ತುಟಿ ಒಡೆದು ಕಪ್ಪಾಗಿತ್ತು. ಮುತ್ಯಾಲಮ್ಮ ನೆಲಕ್ಕೆ ಕೂತು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ತುಟಿಗೆ ಹಿಂಡಿದಳು. ಕದಿರೇಶ ಕ್ಯಾಮೆರಾ ಹಿಡಿದು ಬಾಗಿಲಿಗೆ ಬಂದಾಗ ಗಂಗಾಲಕ್ಷ್ಮಿ ಲೆನ್ಸಿಗೆ ಕೈ ಅಡ್ಡ ಹಿಡಿದಳು. ರೂಪ ಬೇಡ ಎಂಬ ಒಂದು ಮಾತನ್ನಾದರೂ ಅವಳು ಉಳಿಸಿಕೊಂಡಳು.

ಕಂಬಳಿಯನ್ನು ಜೋಲಿ ಮಾಡಿ, ಎರಡು ಬಿದಿರಿಗೆ ಕಟ್ಟಿ ತಾತನನ್ನು ಇಳಿಸಿದರು. ಮುಂದಿನ ಬಿದಿರಿಗೆ ಹೆಗಲು ಕೊಟ್ಟವನು ದೊಡ್ಡಮುನಿಯಪ್ಪ. ಆಂಬುಲೆನ್ಸ್ ಕ್ರಾಸಿನಲ್ಲಿ ನಿಂತಿತ್ತು. ಅದು ಹಳ್ಳದ ರಸ್ತೆಗೆ ಇಳಿಯಲಾರದೆ ಹೋದ್ದರಿಂದ ಅಲ್ಲಿಯವರೆಗೆ ನರೇಶನೇ ಜೀಪಿನಲ್ಲಿ ಕರೆದೊಯ್ದ. ಕೋಲಾರದ ಆಸ್ಪತ್ರೆಯ ವೈದ್ಯರು ನಾಡಿ ನೋಡಿ, ಇನ್ನೊಂದು ರಾತ್ರಿ ಕಳೆದಿದ್ದರೆ ಕಷ್ಟವಿತ್ತು ಎಂದರು. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು.

ಆಪರೇಷನ್ ಆಗಿ ಜ್ವರ ಇಳಿದ ಮೇಲೆ ತಾತ ಗಂಗಾಲಕ್ಷ್ಮಿಗೆ ಹೇಳಿಕಳಿಸಿದರು. ಅವಳು ಹೆದರುತ್ತಲೇ ವಾರ್ಡಿಗೆ ಹೋದಳು. ಮುತ್ಯಾಲಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ದೊಡ್ಡಮುನಿಯಪ್ಪ ದಿನಾ ಬಸ್ಸಿನಲ್ಲಿ ಬಂದು ಕಾರಿಡಾರಿನಲ್ಲಿ ನಿಂತು ಹೋಗುತ್ತಿದ್ದನಂತೆ. ಒಳಗೆ ಬರಲು ಅವನಿಗೆ ಮುಖವಿರಲಿಲ್ಲ. ಇವತ್ತೂ ಬಾಗಿಲ ಹೊರಗೆ ನಿಂತಿದ್ದ.

"ನೀನೂ ಮಾತು ಮುರಿದೆ" ಎಂದರು ತಾತ. ದನಿಯಲ್ಲಿ ಸಿಟ್ಟಿತ್ತು.

"ಹೂಂ ತಾತ."

"ಯಾಕೆ?"

"ನೀವು ಕರೀತಿದ್ರಿ."

"ನಾನಾ? ಕರೀಲಿಲ್ಲ. ಬಿದ್ದಿದ್ದು ನಿಜ, ನೋವಿದ್ದಿದ್ದು ನಿಜ. ಆದ್ರೆ ನಾನು ಜಪ ಬಿಡ್ಲಿಲ್ಲ. ಕೊನೇವರೆಗೂ ಬಿಡ್ಲಿಲ್ಲ. ಎಲ್ಲಿ, ಕೇಳ್ಸು ನಂಗೆ."

ಗಂಗಾಲಕ್ಷ್ಮಿ ಮುತ್ಯಾಲಮ್ಮನ ಕಡೆ ನೋಡಿದಳು. ಮುತ್ಯಾಲಮ್ಮ ಕಿತ್ತಳೆಯಿಂದ ಕಣ್ಣೆತ್ತಲಿಲ್ಲ. ಬೇರೆ ದಾರಿ ಕಾಣದೆ ಅವಳು ಹೆಡ್‌ಫೋನನ್ನು ತಾತನ ಕಿವಿಗಿಟ್ಟಳು.

ಅವರು ಕಣ್ಣು ಮುಚ್ಚಿ ಕೇಳಿದರು. ಮೊದಲು ಹುಬ್ಬು ಗಂಟಿಕ್ಕಿತು. ನಿಧಾನವಾಗಿ ಗಂಟು ಸಡಿಲವಾಯಿತು. ತುಟಿ ಸಣ್ಣಗೆ ಅಲುಗಿತು. ಮುಗಿದ ಮೇಲೂ ಹೆಡ್‌ಫೋನ್ ತೆಗೆಯಲು ಬಿಡದೆ ಹಾಗೇ ಮಲಗಿದ್ದರು.

"ನಾನು ಮಂತ್ರಾನೇ ಹೇಳ್ತಿದ್ದೀನಿ ಅಂದ್ಕೊಂಡಿದ್ದೆ" ಎಂದರು. ಸಿಟ್ಟು ಎಲ್ಲೋ ಹೋಗಿತ್ತು. "ಪ್ರಮಾಣವಾಗ್ಲೂ ಮಂತ್ರ ಅಂತಲೇ ಅಂದ್ಕೊಂಡಿದ್ದೆ."

ಪಕ್ಕದ ಮಂಚದ ರೋಗಿ ಮಗ್ಗುಲಾದ. ಮುತ್ಯಾಲಮ್ಮ ಕಿತ್ತಳೆಯ ಒಂದು ತೊಳೆ ಬಿಡಿಸಿ, ಬೀಜ ತೆಗೆದು, ಅವರ ಬಾಯಿಗಿಟ್ಟಳು.

"ಇದನ್ನೇನು ಮಾಡ್ಲಿ ತಾತ?" ಗಂಗಾಲಕ್ಷ್ಮಿ ಮೆಲ್ಲಗೆ ಕೇಳಿದಳು. "ಅಳಿಸು ಅಂದ್ರೆ ಅಳಿಸ್ತೀನಿ."

ತಾತ ಮುತ್ಯಾಲಮ್ಮನ ಕಡೆಗೆ ತಲೆ ಹೊರಳಿಸಿದರು. ಅವಳು ಕೈ ಒರೆಸಿಕೊಂಡಳು.

"ಜನಕ್ಕೆ ತೋರ್ಸೋ ಚಿತ್ರದಲ್ಲಿ ನನ್ನ ಹೆಸರು ಬರುತ್ತಾ?"

"ಬರುತ್ತೆ ಅಮ್ಮಾ. ಅವರ ಬಾಯಲ್ಲೇ ಬರುತ್ತೆ."

"ಇರ್ಲಿ ಬಿಡು. ಮೂವತ್ತು ವರ್ಷ ಊರೋರು ಆ ಹೆಸರು ಎತ್ತೋಕೆ ಹೆದರ್ತಿದ್ರು. ಈಗ ಕೇಳ್ಲಿ." ಆಮೇಲೆ ಬಾಗಿಲ ಕಡೆ ತಿರುಗಿ ದನಿ ಏರಿಸಿದಳು: "ಮುನಿಯಾ, ಅಲ್ಲೇನು ಕಂಬ ಆದ್ಯಾ? ಒಳಗೆ ಬಾ. ಕೆಳಗೆ ಹೋಗಿ ಗಂಜಿ ತಗೊಂಡ್ ಬಾ, ಬಿಸಿ ಇರ್ಲಿ."

ದೊಡ್ಡಮುನಿಯಪ್ಪ ಒಳಗೆ ಬಂದ. ತಾತನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಮೇಜಿನ ಮೇಲಿದ್ದ ಸ್ಟೀಲ್ ಡಬ್ಬಿ ಎತ್ತಿಕೊಂಡು ಬೇಗ ಬೇಗ ಹೊರಟುಹೋದ.

ಗಂಗಾಲಕ್ಷ್ಮಿ ಯುಗಾದಿ ಕಳೆದ ಮೇಲೆ ಚಿತ್ರ ಮುಗಿಸಿ ಮುಳಬಾಗಿಲಿನ ಒಂದು ಛತ್ರದಲ್ಲಿ ತೋರಿಸಿದಳು. ಆ ದನಿ ಬಂದಾಗ ಸಮಿತಿಯ ಕೆಲವರು ಎದ್ದು ಹೋದರು. ಹೆಂಗಸರು ಹೆಚ್ಚಿನವರು ಕೂತೇ ಇದ್ದರು. ತಾತನನ್ನು ಮುತ್ಯಾಲಮ್ಮ ತನ್ನ ಮನೆಗೆ ಕರೆದೊಯ್ದಿದ್ದಳು. "ಕಾಲು ಕೂಡೋವರೆಗೆ ಅಷ್ಟೇ. ಆಮೇಲೆ ಹತ್ತೋದು ಬಿಡೋದು ಅವರಿಷ್ಟ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ತಾತನ ದರ್ಶನಕ್ಕೆ ಬರುವ ಜನ ಹಾಲು ಕರೆಯುವ ಹೊತ್ತಿನಲ್ಲಿ ಬಂದರೆ ಬೈದು ಹೊರಗೆ ನಿಲ್ಲಿಸುತ್ತಿದ್ದಳು.

ಕಾಲು ಕೂಡಿತು. ಮಾವಿನ ಸುಗ್ಗಿಯ ಹೊತ್ತಿಗೆ ತಾತ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಿದ್ದರು. ಬೆಟ್ಟಕ್ಕೆ ಯಾವಾಗ ತಾತ ಎಂದು ದೊಡ್ಡಮುನಿಯಪ್ಪ ಒಮ್ಮೆ ಕೇಳಿದ. ತಾತ ಬೋಡಗುಟ್ಟದ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ, ಬಿಸಿಲು ಜಾಸ್ತಿ ಇದೆ, ಆ ಕುರ್ಚಿ ಸ್ವಲ್ಪ ನೆರಳಿಗೆ ಹಾಕು ಎಂದರು.